ಕ್ಲಾಸಿಕ್ 350: ಕ್ರೋಮ್ ಟ್ರಿಮ್ ಹಾಕಿದ ಮೇಲೆ ಕ್ಲಚ್ ಕವರ್ ಹತ್ರ ಆಯಿಲ್ ಜಿನುಗ್ತಿದೆ, ಕಟಕಟ ಸದ್ದೂ ಇದೆ

ಪ್ರಶ್ನೆ (ಹಾಸನ)

ಎಲ್ಲರಿಗೂ ನಮಸ್ಕಾರ. ನನ್ನದು 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್, ಹೊಸ ಮಾದರಿಯ ಜೆ ಇಂಜಿನ್. ಹೋದ ಭಾನುವಾರ ಮನೆಯಲ್ಲೇ ಕೂತು ಬಲಗಡೆಯ ಕ್ಲಚ್ ಕವರ್ (ಇಂಜಿನ್ ಪಕ್ಕದ ಮುಚ್ಚಳ) ಮೇಲೆ ಕ್ರೋಮ್ ಟ್ರಿಮ್ (ಹೊಳೆಯುವ ಅಲಂಕಾರದ ತಗಡು) ಹಾಕಿದೆ, ಆನ್‌ಲೈನಲ್ಲಿ ತರಿಸಿದ್ದು. ಬರೀ ಅಂದಕ್ಕೆ ಅಷ್ಟೇ. ಕವರಿನ ಮೂರು ಬೋಲ್ಟ್ ಬಿಚ್ಚಿ, ಟ್ರಿಮ್ ಇಟ್ಟು, ಕಿಟ್ ಜೊತೆ ಬಂದ ಉದ್ದದ ಬೋಲ್ಟ್ ಹಾಕಿದೆ. ಅರ್ಧ ಗಂಟೆಯಲ್ಲಿ ಮುಗೀತು, ನೋಡೋಕೆ ತುಂಬಾ ಚೆನ್ನಾಗಿದೆ.

ಈಗ ಎರಡು ತೊಂದರೆ. ಸ್ಪೀಡ್ 60 ದಾಟಿದ್ರೆ ಬಲಗಾಲಿನ ಹತ್ರ ತಗಡು ಅದುರಿದ ಹಾಗೆ ಕಟಕಟ ಸದ್ದು. ಮತ್ತೆ ಓಡಿಸಿ ಬಂದು ನಿಲ್ಲಿಸಿದಾಗ ಕವರಿನ ಕೆಳ ಅಂಚಲ್ಲಿ ಆಯಿಲ್ ತೇವ, ಮುಟ್ಟಿದ್ರೆ ಬೆರಳಿಗೆ ಹತ್ತುತ್ತೆ. ನೆಲಕ್ಕೆ ಇನ್ನೂ ಬಿದ್ದಿಲ್ಲ. ಬೋಲ್ಟ್ ಮೂರೂ ಟೈಟ್ ಇವೆ, ಎರಡು ಸಲ ನೋಡಿದೆ. ಕವರಿಗೂ ಇಂಜಿನ್‌ಗೂ ನಡುವೆ ಆಯಿಲ್ ತಡೆಯೋ ಪ್ಯಾಕಿಂಗ್ ಹೋಗಿದೆಯಾ? ಶನಿವಾರ ಅಪ್ಪನ್ನ ಕೂರಿಸಿಕೊಂಡು ಸಕಲೇಶಪುರಕ್ಕೆ ಹೋಗೋದಿದೆ, ಅದಕ್ಕೇ ಕೇಳ್ತಿದ್ದೀನಿ.

ಉತ್ತರ (ದಾವಣಗೆರೆ)

ತಮ್ಮಾ, ಪ್ಯಾಕಿಂಗ್ ಬಗ್ಗೆ ಆಮೇಲೆ ಯೋಚನೆ ಮಾಡೋಣ. ಮೊದಲು ಹಳೇ ಬೋಲ್ಟನ್ನೂ ಕಿಟ್ ಬೋಲ್ಟನ್ನೂ ಪಕ್ಕಪಕ್ಕ ಇಟ್ಟು ಅಳತೆ ತಗೋ. ಟ್ರಿಮ್ ತಗಡಿನ ದಪ್ಪವನ್ನೂ ಅಳೆ. ನನ್ನ ಅನುಮಾನ ಇಷ್ಟೇ: ಸದ್ದು, ಆಯಿಲ್ ಎರಡಕ್ಕೂ ಕಾರಣ ಒಂದೇ.

ಆ ಮೂರು ಬೋಲ್ಟ್ ಹಿಡಿದಿರೋದು ಬರೀ ಟ್ರಿಮ್ ಅಲ್ಲ, ಕ್ಲಚ್ ಕವರನ್ನೇ. ಕವರಿನ ಹಿಂದೆ ಆಯಿಲ್ ಇದೆ. ಬೋಲ್ಟ್ ಕೂರುವ ತೂತು ಒಂದು ಕಡೆ ಮುಚ್ಚಿರುತ್ತೆ, ಅದಕ್ಕೊಂದು ತಳ ಇರುತ್ತೆ. ಬೋಲ್ಟ್ ಉದ್ದ ಜಾಸ್ತಿ ಆದ್ರೆ ಅದರ ತುದಿ ಹೋಗಿ ತಳಕ್ಕೆ ಒತ್ತಿಕೊಳ್ಳುತ್ತೆ. ಕೈಗೆ ಟೈಟ್ ಅನ್ನಿಸುತ್ತೆ. ಆದ್ರೆ ಬೋಲ್ಟಿನ ತಲೆ ಮಾತ್ರ ಕವರನ್ನು ಒತ್ತಿ ಹಿಡಿದೇ ಇರಲ್ಲ. ಟ್ರಿಮ್ ಸಡಿಲ, ಅದಕ್ಕೇ ಸದ್ದು. ಕವರ್ ಸಡಿಲ, ಅದಕ್ಕೇ ಆಯಿಲ್.

ಅಳತೆ ತಗೊಳ್ಳೋವರೆಗೂ ಇನ್ನೂ ಟೈಟ್ ಮಾಡೋಕೆ ಹೋಗಬೇಡ. ತೂತಿನ ಒಳಗಿನ ಥ್ರೆಡ್, ಅಂದ್ರೆ ಬೋಲ್ಟ್ ಕಚ್ಚುವ ಸುತ್ತುಗೆರೆ, ಅಲ್ಯುಮಿನಿಯಂದು, ಒಂದೇ ಏಟಿಗೆ ಕಿತ್ತು ಬರುತ್ತೆ. ಗಾಡಿನೂ ಓಡಿಸಬೇಡ. ಬಿಚ್ಚುವಾಗ ಇಂಜಿನ್ ಪೂರ್ತಿ ತಣ್ಣಗಿರಲಿ, ಸೈಡ್ ಸ್ಟ್ಯಾಂಡ್ ಹಾಕಿ ಎಡಕ್ಕೆ ವಾಲಿಸು. ಆಯಿಲ್ ಆ ಕಡೆ ಹೋಗಿರುತ್ತೆ, ಬಲಗಡೆ ಚೆಲ್ಲಲ್ಲ.

ಪ್ರಶ್ನೆ ಕೇಳಿದವರು

ಅಣ್ಣಾ, ಅಳತೆ ತಗೊಂಡೆ. ಹಳೇ ಬೋಲ್ಟ್ 30 ಮಿ.ಮೀ. ಕಿಟ್‌ದು 35. ಟ್ರಿಮ್ ತಗಡು ಬರೀ 2 ಮಿ.ಮೀ. ಒಂದು ಬೋಲ್ಟ್ ಬಿಚ್ಚಿ ನೋಡಿದ್ರೆ ತುದಿ ಚಪ್ಪಟೆಯಾಗಿ ಹೊಳೀತಿದೆ, ಯಾವುದಕ್ಕೋ ಉಜ್ಜಿದ ಹಾಗೆ. ಇನ್ನೊಂದು ವಿಷಯ, ಕೆಳಗಿನ ಬೋಲ್ಟ್ ಈಗ ಸುತ್ತಿದಷ್ಟೂ ಸುತ್ತುತ್ತೆ, ಬಿಗಿಯೇ ಆಗ್ತಿಲ್ಲ.

ಉತ್ತರ (ದಾವಣಗೆರೆ)

ಹೊಳೆಯುವ ತುದಿಯೇ ಸಾಕ್ಷಿ. ಬೇಕಿದ್ದದ್ದು 2 ಮಿ.ಮೀ. ಜಾಸ್ತಿ, ಅವರು ಕೊಟ್ಟದ್ದು 5. ಮೇಲಿನ ಎರಡಕ್ಕೆ ಸುಲಭದ ದಾರಿ ಇದೆ. 6 ಮಿ.ಮೀ. ಬೋಲ್ಟಿನ ಸಾದಾ ವಾಷರ್ 1.6 ಮಿ.ಮೀ. ದಪ್ಪ ಇರುತ್ತೆ, ತಲೆ ಕೆಳಗೆ ಎರಡೆರಡು ಹಾಕು. 35ರಲ್ಲಿ 3.2 ಹೋದ್ರೆ 31.8, ಅದರಲ್ಲಿ ಟ್ರಿಮ್ 2 ಹೋದ್ರೆ ಕವರಿಗೆ ಸಿಗೋದು 29.8. ಹಳೇ ಅಳತೆ ಬಂತಲ್ವಾ. ವಾಷರ್ ಕಾಣೋದು ಇಷ್ಟ ಇಲ್ಲ ಅಂದ್ರೆ ಲೇತ್ ಅಂಗಡಿಯಲ್ಲಿ ಬೋಲ್ಟನ್ನೇ 32ಕ್ಕೆ ಕತ್ತರಿಸಿ ತುದಿ ಉಜ್ಜಿಸು. ಅದಕ್ಕಿಂತ ಗಿಡ್ಡ ಮಾಡೋಕೂ ಹೋಗಬೇಡ, ಅಲ್ಯುಮಿನಿಯಂ ಒಳಗೆ 9ರಿಂದ 12 ಮಿ.ಮೀ. ಆದ್ರೂ ಥ್ರೆಡ್ ಹಿಡಿದಿರಬೇಕು.

ಹಾಕೋ ಮುಂಚೆ ತೂತಿನ ಒಳಗೆ ಇಯರ್‌ಬಡ್ ಹಾಕಿ ಒರೆಸು. ಇದನ್ನು ಬಹಳ ಜನ ಬಿಡ್ತಾರೆ. ತಳದಲ್ಲಿ ಆಯಿಲ್ ನಿಂತಿದ್ರೆ ಬೋಲ್ಟ್ ಇಳಿದಾಗ ಅದಕ್ಕೆ ಹೋಗೋಕೆ ಜಾಗ ಇರಲ್ಲ, ಒತ್ತಡಕ್ಕೆ ಇಂಜಿನ್ ಕೇಸೇ ಸೀಳಬಹುದು. 6 ಮಿ.ಮೀ. ಬೋಲ್ಟಿಗೆ ಬಿಗಿ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಸುತ್ತಮುತ್ತ ಸಾಕು, ಆದ್ರೂ ನಿನ್ನ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದನ್ನೇ ನೋಡಿಕೋ. ಆ ಬಿಗಿ ಅಳೆದು ತೋರಿಸೋ ಟಾರ್ಕ್ ರೆಂಚ್ ಬಾಡಿಗೆಗೋ ಸ್ನೇಹಿತರಿಂದಲೋ ತಗೋ.

ಕೆಳಗಿನದ್ದು ಥ್ರೆಡ್ ಹೋಗಿದೆ. ಎಂ-ಸೀಲ್, ಟೆಫ್ಲಾನ್ ಟೇಪ್ ಅಂತ ಏನೂ ಮಾಡಬೇಡ, ದಯವಿಟ್ಟು. ಹೆಲಿಕಾಯಿಲ್ ಹಾಕಿಸು. ಸ್ಪ್ರಿಂಗ್ ತರಹದ ಸ್ಟೀಲ್ ಸುರುಳಿ ಅದು, ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹೊಡೆದು, ಒಳಗೆ ಕೂರಿಸ್ತಾರೆ. ಮುಂಚಿನ ಥ್ರೆಡ್‌ಗಿಂತ ಗಟ್ಟಿ. ಟ್ಯಾಪಿಗೆ ಗ್ರೀಸ್ ಬಳಿಯೋಕೆ ಹೇಳು, ಅಲ್ಯುಮಿನಿಯಂ ಪುಡಿ ಗ್ರೀಸಿಗೆ ಅಂಟಿ ಆಚೆ ಬರಬೇಕು.

ಉತ್ತರ (ಮಂಗಳೂರು)

ಮೇಲಿನವರು ಹೇಳಿದ್ದು ಸರಿ. ನಂದೊಂದು ಸೇರಿಸ್ತೀನಿ. ಪ್ಯಾಕಿಂಗ್ ಹೋಗಿದೆಯಾ ಇಲ್ವಾ ಅಂತ ಸುಮ್ನೆ ಊಹೆ ಮಾಡಿ ಕವರ್ ಬಿಚ್ಚಿಸಬೇಡಿ. ಬೋಲ್ಟ್ ಸರಿ ಮಾಡಿದ ಮೇಲೆ ಕವರಿನ ಅಂಚನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲಿ, ಆಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಸುತ್ತಲೂ ಉದುರಿಸಿ. ಹತ್ತು ಹದಿನೈದು ನಿಮಿಷ ನಿಂತಲ್ಲೇ ಇಂಜಿನ್ ಓಡಿಸಿ. ಆಯಿಲ್ ಬರ್ತಿದ್ರೆ ಬಿಳಿ ಪೌಡರ್ ಮೇಲೆ ಕಂದು ಗೆರೆ ಬೀಳುತ್ತೆ, ಗೆರೆ ಎಲ್ಲಿಂದ ಶುರು ಅಂತ ಕಾಣುತ್ತೆ.

ಕಿಟ್ ಬೋಲ್ಟ್ ಸ್ಟೈನ್‌ಲೆಸ್ ಆಗಿದ್ರೆ ಇನ್ನೊಂದು ಮಾತು. ನಮ್ಮ ಕಡಲ ಗಾಳಿಗೆ ಸ್ಟೈನ್‌ಲೆಸ್ಸೂ ಅಲ್ಯುಮಿನಿಯಂ ಕೂಡಿದ ಕಡೆ ಬಿಳಿ ಪುಡಿ ಹಿಡಿದು ಬೋಲ್ಟ್ ಕಚ್ಚಿಕೊಳ್ಳುತ್ತೆ. ನಿಮ್ಮ ಕಡೆ ಮಳೆಯೂ ಕಮ್ಮಿ ಇಲ್ಲ. ನೀಲಿ ಥ್ರೆಡ್ ಲಾಕ್ (ಬೋಲ್ಟ್ ಸಡಿಲ ಆಗದ ಹಾಗೆ ಹಿಡಿಯೋ ಅಂಟು) ಒಂದು ಹನಿ ಹಾಕಿ, ಅದು ನೀರನ್ನೂ ತಡೆಯುತ್ತೆ. ಕೆಂಪು ಬೇಡ, ಬಿಚ್ಚೋಕೆ ಬೆಂಕಿ ತೋರಿಸಬೇಕಾಗುತ್ತೆ.

ಪ್ರಶ್ನೆ ಕೇಳಿದವರು

ಎಲ್ಲಾ ಮುಗೀತು, ಹೇಗಾಯ್ತು ಅಂತ ಹೇಳ್ತೀನಿ. ಗಾಡಿನ ಸ್ನೇಹಿತನ ಗೂಡ್ಸ್ ಆಟೋಕ್ಕೆ ಹಾಕಿ ಲೇತ್ ಅಂಗಡಿಗೆ ತಗೊಂಡು ಹೋದೆ. ಅವರು ಗ್ರೀಸ್ ಹಚ್ಚೇ ಟ್ಯಾಪ್ ಹೊಡೆದ್ರು, ಪುಡಿಯೆಲ್ಲಾ ಟ್ಯಾಪಿಗೆ ಅಂಟಿ ಬಂತು. ಬೋಲ್ಟ್ ಮೂರನ್ನೂ 32ಕ್ಕೆ ಕತ್ತರಿಸಿದ್ವಿ. ಮನೆಗೆ ಬಂದು ಒಂದೊಂದೇ ಹಾಕಿದೆ, ರಟ್ಟಿನ ಮೇಲೆ ಕವರ್ ಚಿತ್ರ ಬರೆದು ಯಾವ ಬೋಲ್ಟ್ ಎಲ್ಲಿಯದು ಅಂತ ಚುಚ್ಚಿಟ್ಟುಕೊಂಡಿದ್ದೆ. ಪೌಡರ್ ಹಾಕಿ ಹದಿನೈದು ನಿಮಿಷ ಓಡಿಸಿದೆ, ಬೆಳ್ಳಗೇ ಇತ್ತು. ಶನಿವಾರ ಸಕಲೇಶಪುರಕ್ಕೆ ಹೋಗಿ ಬಂದ್ವಿ, ಸದ್ದಿಲ್ಲ, ಅಂಚು ಒಣಗಿದೆ. ಡಬಲ್ ಸ್ಟ್ಯಾಂಡ್ ಹಾಕಿ ಆಯಿಲ್ ನೋಡಿದೆ, ಕಮ್ಮಿ ಆಗಿಲ್ಲ.

ಎಡಗಡೆಗೂ ಇಂಥದ್ದೇ ಟ್ರಿಮ್ ಇದೆ. ಈ ಸಲ ಬೋಲ್ಟ್ ಅಳೆದೇ ಹಾಕ್ತೀನಿ.