ಡಾಟ್ಸನ್ 240ಝಡ್: ಗಾಡಿ ತಗ್ಗಿಸಿದ ಮೇಲೆ ಜಾಸ್ತಿ ವಾಲೋದು ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ, ಗಾಡಿ 1972ರ 240ಝಡ್. ಗಿಡ್ಡ ಸ್ಪ್ರಿಂಗ್ ಹಾಕಿಸಿ ಮುಂದೆ ಎರಡು ಇಂಚು ತಗ್ಗಿಸಿದ್ದೇನೆ. ಈಗ ತಿರುವಿನಲ್ಲಿ ಮೊದಲಿಗಿಂತ ಜಾಸ್ತಿ ವಾಲುತ್ತದೆ, ಉಬ್ಬುತಗ್ಗು ಸಿಕ್ಕರೆ ಸ್ಟೀರಿಂಗ್ ತಾನಾಗೇ ಎಳೆಯುತ್ತದೆ. ವರ್ಕ್‌ಶಾಪಿನಲ್ಲಿ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿ ಅಂತಾರೆ. ಹಾಕಿಸಲಾ?

ಉತ್ತರ: ಈಗಲೇ ಬೇಡ. ಸಾವಿರ ಕೆಜಿ ಚಿಲ್ಲರೆ ತೂಕದ ಗಾಡಿ ಅದು, ಸುಮ್ನೆ ಸ್ಪ್ರಿಂಗ್ ಗಟ್ಟಿ ಮಾಡಿದರೆ ಓಡಿಸೋ ಖುಷಿಯೇ ಹೋಗುತ್ತದೆ. ಮೊದಲು ಕೆಳಗಿನ ಕಂಟ್ರೋಲ್ ಆರ್ಮ್, ಅಂದ್ರೆ ಬಾಡಿಯಿಂದ ಚಕ್ರದ ಬುಡಕ್ಕೆ ಅಡ್ಡಲಾಗಿ ಹೋಗೋ ತೋಳು, ನೋಡಿ.

ಇದರ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದ್ರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಒಂದೇ ಕಂಬ. ಮೇಲೆ ಬೇರೆ ಆರ್ಮ್ ಇಲ್ಲ, ಸ್ಟ್ರಟ್ಟೇ ಆ ಕೆಲಸ ಮಾಡುತ್ತದೆ. ಗಾಡಿಯನ್ನು ಎದುರಿನಿಂದ ನೋಡಿದ ಹಾಗೆ ಹಾಳೆಯ ಮೇಲೆ ಬರೆದುಕೊಳ್ಳಿ. ಸ್ಟ್ರಟ್ಟಿನ ಮೇಲ್ತುದಿಯಿಂದ, ಸ್ಟ್ರಟ್ಟಿಗೆ 90 ಡಿಗ್ರಿಯಲ್ಲಿ, ಗಾಡಿಯ ಒಳಗಡೆಗೆ ಒಂದು ಗೆರೆ. ಆರ್ಮಿನ ಗೆರೆಯನ್ನೂ ಒಳಗಡೆಗೆ ಎಳೆಯಿರಿ. ಅವೆರಡೂ ಕೂಡುವ ಜಾಗಕ್ಕೆ, ಟೈರ್ ನೆಲ ಮುಟ್ಟುವ ಕಡೆಯಿಂದ ಮೂರನೇ ಗೆರೆ. ಅದು ಗಾಡಿಯ ನಡುಗೆರೆಯನ್ನು ದಾಟುವ ಜಾಗವೇ ರೋಲ್ ಸೆಂಟರ್, ಅಂದ್ರೆ ತಿರುವಿನಲ್ಲಿ ಬಾಡಿ ವಾಲೋದು ಈ ಬಿಂದುವಿನ ಸುತ್ತ.

ಗಾಡಿ ತಗ್ಗಿಸಿದಾಗ ಆರ್ಮಿನ ಒಳತುದಿ ಬಾಡಿ ಜೊತೆ ಇಳಿಯುತ್ತದೆ, ಚಕ್ರದ ಕಡೆಯ ಹೊರತುದಿಯ ಕೀಲು, ಅಂದ್ರೆ ಬಾಲ್ ಜಾಯಿಂಟ್, ಇದ್ದಲ್ಲೇ ಇರುತ್ತದೆ. ಗುರುತ್ವಕೇಂದ್ರ ಇಳಿಯೋದು ಹೆಚ್ಚೆಂದರೆ ಎರಡು ಇಂಚು, ಆದರೆ ರೋಲ್ ಸೆಂಟರ್ ಅದಕ್ಕಿಂತ ಜಾಸ್ತಿ ಇಳಿಯುತ್ತದೆ, ನೆಲದ ಕೆಳಕ್ಕೂ ಹೋಗಬಹುದು. ಇವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ಗಾಡಿ ವಾಲುತ್ತದೆ. ಆರ್ಮು ಸ್ಟ್ರಟ್ಟಿಗೆ 90 ಡಿಗ್ರಿ ದಾಟಿದರೆ ಇನ್ನೊಂದು ಕಷ್ಟ: ಚಕ್ರ ಮೇಲೇರಿದಾಗ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರೋದು) ಹೆಚ್ಚೋ ಬದಲು ಕಡಿಮೆಯಾಗುತ್ತದೆ, ಟೈರು ಹೊರ ಅಂಚಿನ ಮೇಲೆ ನಿಲ್ಲುತ್ತದೆ.

ಪ್ರಶ್ನೆ: ಹಾಗಾದ್ರೆ ವಾಪಸ್ ಎತ್ತಿಸಬೇಕಾ ಸರ್? ಸ್ಟೀರಿಂಗ್ ಎಳೆಯೋದೂ ಇದಕ್ಕೇನಾ?

ಉತ್ತರ: ಎತ್ತಲೇಬೇಕು ಅಂತಿಲ್ಲ. ಸಮತಟ್ಟು ನೆಲದಲ್ಲಿ ಚಕ್ರದ ಮೇಲೆ ಗಾಡಿ ನಿಲ್ಲಿಸಿ, ಒಬ್ಬರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ. ಆರ್ಮಿನ ಒಳ ಬೋಲ್ಟಿನ ಮಧ್ಯಬಿಂದು ನೆಲದಿಂದ ಎಷ್ಟು ಎತ್ತರ, ಬಾಲ್ ಜಾಯಿಂಟಿನ ಮಧ್ಯಬಿಂದು ಎಷ್ಟು ಎತ್ತರ ಅಂತ ಅಳೆಯಿರಿ. ಆರ್ಮಿನ ತಗಡಿನ ಆಕಾರ ನೋಡಿ ಅಂದಾಜು ಮಾಡಬೇಡಿ, ಅದು ಮೋಸ ಮಾಡುತ್ತದೆ. ಹೊರತುದಿ ಮೇಲಿದ್ದರೆ ಅದನ್ನು ಕೆಳಗಿಳಿಸಲು ಸ್ಪೇಸರ್, ಅಂದ್ರೆ ನಡುವೆ ಇಡೋ ದಪ್ಪ ತುಂಡು, ಬೇಕು. ಇದು ಸ್ಟ್ರಟ್ಟಿನ ಬುಡಕ್ಕೂ ಸ್ಟೀರಿಂಗ್ ಆರ್ಮಿಗೂ (ಚಕ್ರ ತಿರುಗಿಸೋ ತೋಳು) ನಡುವೆ ಕೂರುತ್ತದೆ, ಉದ್ದನೆಯ ಬೋಲ್ಟು ಬೇಕಾಗುತ್ತದೆ. ಹಳೇ 14 ಇಂಚಿನ ರಿಮ್ ಇದ್ದರೆ ಸ್ಟೀರಿಂಗ್ ಆರ್ಮ್ ಒಳಗೆ ತಗಲುತ್ತಾ ಅಂತ ಚಕ್ರ ತಿರುಗಿಸಿ ನೋಡಿಯೇ ಬಿಗಿ ಮಾಡಿ.

ಸ್ಟೀರಿಂಗ್ ಎಳೆಯೋದು ಬಂಪ್ ಸ್ಟೀರ್ ಇರಬೇಕು. ಟೈ ರಾಡ್ (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗೋ ಸಲಾಕೆ) ಮತ್ತು ಕಂಟ್ರೋಲ್ ಆರ್ಮ್ ಬೇರೆ ಬೇರೆ ಕಮಾನಿನಲ್ಲಿ ಓಡಾಡಿದರೆ ಚಕ್ರ ಮೇಲೆ ಕೆಳಗೆ ಹೋದಾಗಲೆಲ್ಲ ಟೋ, ಅಂದ್ರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋ ಪ್ರಮಾಣ, ಬದಲಾಗುತ್ತದೆ. ಸ್ಪೇಸರ್ ಎರಡರ ಹೊರತುದಿಯನ್ನೂ ಒಟ್ಟಿಗೆ ಇಳಿಸುವುದರಿಂದ ಸಾಮಾನ್ಯವಾಗಿ ಇದೂ ಮೊದಲಿನಷ್ಟಕ್ಕೆ ಬರುತ್ತದೆ. ಆಮೇಲೂ ಎಳೆದರೆ ಸ್ಪ್ರಿಂಗ್ ತೆಗೆಸಿ, ಸ್ಟೀರಿಂಗ್ ಲಾಕ್ ಮಾಡಿ, ಜ್ಯಾಕಿನಿಂದ ಚಕ್ರವನ್ನು ಸ್ವಲ್ಪ ಸ್ವಲ್ಪ ಎತ್ತುತ್ತಾ ಪ್ರತಿ ಹಂತದಲ್ಲೂ ಟೋ ಬರೆದಿಟ್ಟು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.