ಆಫೀಸಿಗೆ ಬರುವ ಇಂಗ್ಲಿಷ್ ಪತ್ರಗಳನ್ನೇ ಇಟ್ಟುಕೊಂಡು ಓದುವ ಅಭ್ಯಾಸ: ಮೈಸೂರು–ಮಂಡ್ಯ ಬಳಗದ ಪ್ರಶ್ನೋತ್ತರ

ಪ್ರಶ್ನೆ (ಮಂಡ್ಯ, ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವವರು):
ನಮಸ್ಕಾರ ಮೇಡಂ. ಓದಿದ್ದು ಬಿ.ಕಾಂ., ಕನ್ನಡ ಮಾಧ್ಯಮ. ಇಂಗ್ಲಿಷ್ ಪೇಪರ್ ದಿನಾ ಅರ್ಧ ಗಂಟೆ ಓದ್ತೀನಿ, ಪದಗಳು ಗೊತ್ತಾಗುತ್ತವೆ. ಆದರೆ ಹೊರರಾಜ್ಯದ ಪಾರ್ಟಿಗಳಿಂದ ಮೇಲ್ ಬಂದರೆ ಕೊನೆಗೆ ಏನು ಕೇಳ್ತಿದ್ದಾರೆ ಅನ್ನೋದೇ ಕೈಗೆ ಸಿಗಲ್ಲ. ಅಚ್ಚು ಬೆಲ್ಲದ ಲೋಡಿನ ಬಗ್ಗೆ ಬಂದ ಒಂದು ಸಾಲು ನೋಡಿ: ‘ವಿ ಶಲ್ ರಿಲೀಸ್ ದಿ ಬ್ಯಾಲೆನ್ಸ್ ಪೇಮೆಂಟ್ ಓನ್ಲಿ ಅಪಾನ್ ರಿಸೀಟ್ ಆಫ್ ಯುವರ್ ಕ್ರೆಡಿಟ್ ನೋಟ್ ಫಾರ್ ದಿ 12 ಬಾಕ್ಸಸ್ ಫೌಂಡ್ ಡ್ಯಾಂಪ್.’ ಬಾಕಿ ದುಡ್ಡು ಹಾಕ್ತಾರೆ ಅಂತ ನನ್ನ ಅರ್ಥ. ಸರೀನಾ?

ಉತ್ತರ (ವ್ಯವಹಾರ ಇಂಗ್ಲಿಷ್ ಬೋಧಕಿ, ಮೈಸೂರು):
ಅರ್ಧ ಸರಿ. ಬಿಟ್ಟುಹೋದ ಇನ್ನರ್ಧದಲ್ಲೇ ನೀವು ಮಾಡಬೇಕಾದ ಕೆಲಸ ಇದೆ. ಇದಕ್ಕೆ ಕಾರಣ ಪದಗಳಲ್ಲ, ವಾಕ್ಯ ಕಟ್ಟುವ ರೀತಿ. ಇದೇ ಮಾತನ್ನು ನಾವು ಹೇಗೆ ಹೇಳುತ್ತೇವೆ? ‘ನೆಂದಿದ್ದ 12 ಬಾಕ್ಸಿಗೆ ನಿಮ್ಮ ಕ್ರೆಡಿಟ್ ನೋಟ್ ಕೈಸೇರಿದ ಮೇಲಷ್ಟೇ ಬಾಕಿ ಹಣ ಹಾಕುತ್ತೇವೆ.’ (ಕ್ರೆಡಿಟ್ ನೋಟ್ ಅಂದರೆ ಬಿಲ್ಲಿನ ಮೊತ್ತದಲ್ಲಿ ಇಷ್ಟು ಕಡಿಮೆ ಮಾಡಿದ್ದೇವೆಂದು ಬರೆದುಕೊಡುವ ಚೀಟಿ.) ಕನ್ನಡದಲ್ಲಿ ಷರತ್ತು ಮುಂದೆ, ಕ್ರಿಯಾಪದ ಕಟ್ಟಕಡೆಗೆ. ‘ಹಾಕುತ್ತೇವೆ’ ಅನ್ನುವ ಹೊತ್ತಿಗೆ ಷರತ್ತು ಆಗಲೇ ಕಿವಿಗೆ ಬಿದ್ದಿರುತ್ತದೆ. ಇಂಗ್ಲಿಷಿನಲ್ಲಿ ಇದು ತಿರುವುಮುರುವು: ‘ವಿ ಶಲ್ ರಿಲೀಸ್’ ಮೊದಲೇ ಬಂದುಬಿಡುತ್ತದೆ, ಷರತ್ತು ಬಾಲದಲ್ಲಿರುತ್ತದೆ. ಕ್ರಿಯಾಪದ ಸಿಕ್ಕಿತೆಂದರೆ ವಾಕ್ಯ ಮುಗಿಯಿತು ಎಂದುಕೊಳ್ಳುವುದು ಕನ್ನಡದ ಕಿವಿಗೆ ಅಭ್ಯಾಸ. ಅದಕ್ಕೇ ಬಾಲ ಬಿಟ್ಟುಹೋಗುತ್ತದೆ.

ಹಾಗಾಗಿ ಪತ್ರವನ್ನು ಪ್ರಿಂಟ್ ಹಾಕಿಕೊಂಡು, ಮೊದಲ ಓದಿನಲ್ಲಿ ಕೆಲವು ಕೀಲು ಪದಗಳಿಗೆ ಮಾತ್ರ ಪೆನ್ಸಿಲಿನಲ್ಲಿ ಸುತ್ತು ಹಾಕಿ: ಓನ್ಲಿ ಅಪಾನ್, ಅನ್‌ಲೆಸ್, ಅಂಟಿಲ್, ಪ್ರೊವೈಡೆಡ್ ದಟ್, ಸಬ್ಜೆಕ್ಟ್ ಟು, ಫೇಲಿಂಗ್ ವಿಚ್. ಬಹುತೇಕ ಕಡೆ ಕೀಲಿನ ಆಚೆಗಿರುವುದನ್ನು ಮೊದಲು ಓದಿ, ಆಮೇಲೆ ಈಚೆಗಿರುವುದನ್ನು ಓದಿದರೆ ವಾಕ್ಯ ತಾನಾಗಿ ಕನ್ನಡದ ಜಾಡಿಗೆ ಬರುತ್ತದೆ. ‘ಅನ್‌ಲೆಸ್’ ಒಳಗೇ ಒಂದು ‘ಇಲ್ಲ’ ಅಡಗಿದೆ, ಅದನ್ನು ‘ಇಲ್ಲದಿದ್ದರೆ’ ಎಂದೇ ಓದಬೇಕು. ‘ಪ್ರೊವೈಡೆಡ್ ದಟ್’ ಅನ್ನು ‘ಒದಗಿಸಿದ’ ಎಂದು ಓದಿದಿರೋ ಇಡೀ ವಾಕ್ಯ ಕೆಟ್ಟಿತು, ಅಲ್ಲಿ ಅದು ‘ಆದರೆ ಮಾತ್ರ’. ಕೊಟೇಶನ್ನಿನಲ್ಲಿ ‘ಸಬ್ಜೆಕ್ಟ್ ಟು ಅವೈಲಬಿಲಿಟಿ’ ಎಂದಿದ್ದರೆ ಸರಕು ಕೊಟ್ಟೇ ಕೊಡುತ್ತೇವೆಂಬ ಭರವಸೆ ಅದರಲ್ಲಿಲ್ಲ. ‘ಫೇಲಿಂಗ್ ವಿಚ್’ ಒಂದು ಮಾತ್ರ ಬೇರೆ ಜಾತಿ: ಅದರ ಹಿಂದಿರುವುದು ನೀವು ಮಾಡಬೇಕಾದ ಕೆಲಸ, ಮುಂದಿರುವುದು ತಪ್ಪಿದರೆ ಆಗುವ ನಷ್ಟ. ಅದನ್ನು ಇದ್ದ ಕ್ರಮದಲ್ಲೇ ಓದಿ.

ಎರಡನೆಯ ಓದು ಮುಗಿದ ಕೂಡಲೇ ಪತ್ರ ಮಗುಚಿಟ್ಟು ಕನ್ನಡದಲ್ಲಿ ಒಂದೇ ಚೀಟಿ ಬರೆಯಿರಿ: ಯಾರು, ಯಾರಿಗೆ, ಏನು ಮಾಡಬೇಕು, ಯಾವತ್ತಿನೊಳಗೆ, ಮಾಡದಿದ್ದರೆ ಏನು. ಐದರಲ್ಲಿ ಯಾವುದು ಖಾಲಿ ಉಳಿಯುತ್ತದೋ ಅದಕ್ಕಾಗಿ ಮಾತ್ರ ಮೂರನೆಯ ಸಲ ಓದಿ. ಕೆಲವು ಪತ್ರಗಳಲ್ಲಿ ಗಡುವೇ ಇರುವುದಿಲ್ಲ. ಅಲ್ಲಿ ‘ಗಡುವು ಹೇಳಿಲ್ಲ’ ಎಂದು ಬರೆಯಿರಿ, ಊಹಿಸಿ ತುಂಬಬೇಡಿ. ಡಿಕ್ಷನರಿ ತೆಗೆಯುವುದು ಚೀಟಿ ಬರೆದಾದ ಮೇಲೆ. ಮೊದಲೇ ತೆಗೆದರೆ ಕಣ್ಣು ಪದದಿಂದ ಪದಕ್ಕೆ ಹಾರುತ್ತದೆ, ವಾಕ್ಯ ಕಾಣುವುದಿಲ್ಲ.

ಸೇರಿಸಿದ್ದು (ಲೆಕ್ಕಪತ್ರ ಸಲಹೆಗಾರರು, ಮೈಸೂರು):
ಮಂಡಿಯವರಿಗೆ ಒಂದು ಮಾತು. ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಕ್ರೆಡಿಟ್ ನೋಟ್ ಕೊಡುವವರು ಸರಕು ಮಾರಿದವರು, ಅಂದರೆ ನೀವು. ಹಾಗಾಗಿ ಆ ಸಾಲಿನಲ್ಲಿ ಚೆಂಡು ನಿಮ್ಮ ಅಂಗಳದಲ್ಲಿದೆ. ಅದರ ಬದಲು ‘ವಿ ಹ್ಯಾವ್ ಡೆಬಿಟೆಡ್ ಯುವರ್ ಅಕೌಂಟ್’ ಎಂದು ಬಂದರೆ ಅವರ ಪುಸ್ತಕದಲ್ಲಿ ಆ ಮೊತ್ತ ಆಗಲೇ ಕಡಿತವಾಗಿದೆ. ಅದು ಕೇಳಿಕೆಯಲ್ಲ, ತಿಳಿವಳಿಕೆ. ಒಪ್ಪಿಗೆಯಿಲ್ಲದಿದ್ದರೆ ಕೂಡಲೇ ಬರೆದು ತಿಳಿಸಿ.

ಪ್ರಶ್ನೆ (ಮೈಸೂರು, ಹೆಬ್ಬಾಳ ಕೈಗಾರಿಕಾ ಪ್ರದೇಶ, ಸ್ಟೋರ್ಸ್ ವಿಭಾಗ):
ಮೇಡಂ, ಎಲ್ಲ ಮೇಲ್‌ಗಳೂ ‘ಕೈಂಡ್ಲಿ’, ‘ವಿ ವುಡ್ ಅಪ್ರಿಶಿಯೇಟ್’ ಅಂತಲೇ ಇರುತ್ತವೆ. ಯಾವುದು ಕೇಳಿಕೆ, ಯಾವುದು ಎಚ್ಚರಿಕೆ ಗೊತ್ತಾಗೋದು ಹೇಗೆ?

ಉತ್ತರ (ಬೋಧಕಿ):
ಮರ್ಯಾದೆಯ ಪದಗಳನ್ನು ಸದ್ಯಕ್ಕೆ ಕೈಯಿಂದ ಮುಚ್ಚಿಬಿಡಿ. ಉಳಿದದ್ದರಲ್ಲಿ ತಾರೀಖು ಇದೆಯೇ, ಹಿಂದಿನ ಪತ್ರದ ಉಲ್ಲೇಖ ಇದೆಯೇ, ಪರಿಣಾಮ ಹೇಳಿದ್ದಾರೆಯೇ ಎಂದು ನೋಡಿ. ಮೂರೂ ಇಲ್ಲದಿದ್ದರೆ ಅದು ಸಾಮಾನ್ಯ ಕೇಳಿಕೆ. ತಾರೀಖು ಬಂದರೆ ಗಡುವು. ‘ಡಿಸ್ಪೈಟ್ ಅವರ್ ರಿಮೈಂಡರ್ಸ್’ ಎಂದು ಹಿಂದಿನ ಪತ್ರಗಳನ್ನು ಎಣಿಸತೊಡಗಿದರೆ ಎಚ್ಚರಿಕೆ. ‘ವಿ ಶಲ್ ಬಿ ಕನ್‌ಸ್ಟ್ರೇನ್ಡ್ ಟು’ ಎಂದರೆ ಮುಂದಿನ ಹೆಜ್ಜೆ ಇಡಲು ಸಿದ್ಧರಾಗಿದ್ದಾರೆ. ‘ವಿ ವುಡ್ ಅಪ್ರಿಶಿಯೇಟ್ ಇಫ್ ಯು ಕುಡ್’ ಎಂಬಲ್ಲಿ ಮೆಚ್ಚುಗೆ ಏನೂ ಇಲ್ಲ, ಅದು ‘ಮಾಡಿಕೊಡಿ’. ‘ರಿಗ್ರೆಟ್’ ಕಂಡರೆ ಅದರ ಹತ್ತಿರದಲ್ಲೇ ಒಂದು ‘ಆಗುವುದಿಲ್ಲ’ ಇದೆಯೇ ಎಂದು ಹುಡುಕಿ. ‘ವಿ ರಿಗ್ರೆಟ್ ಅವರ್ ಇನೆಬಿಲಿಟಿ’ ಎಂದರೆ ನಿರಾಕರಣೆ. ‘ವಿ ರಿಗ್ರೆಟ್ ದಿ ಡಿಲೇ’ ಎಂದರೆ ಮಾತ್ರ ಕ್ಷಮೆ.

‘ಇಟ್ ಹ್ಯಾಸ್ ಬೀನ್ ಅಬ್ಸರ್ವ್ಡ್ ದಟ್’ ತರಹದ ವಾಕ್ಯಗಳಲ್ಲಿ ಕರ್ತೃವೇ ಇರುವುದಿಲ್ಲ. ಯಾರು ನೋಡಿದರು, ಯಾರು ಸರಿಪಡಿಸಬೇಕು? ನಿಮ್ಮ ಚೀಟಿಯ ‘ಯಾರು’ ಜಾಗ ಖಾಲಿ ಬಿದ್ದರೆ ಆ ಪ್ರಶ್ನೆಯನ್ನೇ ಉತ್ತರದಲ್ಲಿ ಕೇಳಿ. ಅರ್ಥವಾಗಲಿಲ್ಲವೆಂದು ನಾಚಿಕೆಪಡಬೇಕಿಲ್ಲ, ಪತ್ರ ಬರೆದವರೇ ಹೇಳದೆ ಬಿಟ್ಟಿದ್ದಾರೆ.

ಪ್ರಶ್ನೆ (ಶ್ರೀರಂಗಪಟ್ಟಣ):
ಗೊತ್ತಿರೋ ಪದವೇ ಮೋಸ ಮಾಡುತ್ತೆ. ‘ಔಟ್‌ಸ್ಟ್ಯಾಂಡಿಂಗ್ ಅಮೌಂಟ್’ ಅಂದ್ರೆ ಒಳ್ಳೆ ಮೊತ್ತ ಅಂತ ಅಂದುಕೊಂಡಿದ್ದೆ. ಇಂಥವು ಇನ್ಯಾವುವು?

ಉತ್ತರ (ಬೋಧಕಿ):
ಹೊಸ ಪದ ಕಂಡರೆ ಡಿಕ್ಷನರಿ ತೆಗೆಯುತ್ತೇವೆ, ಹಳೆಯ ಪದ ಹೊಸ ವೇಷದಲ್ಲಿ ಬಂದರೆ ತೆಗೆಯುವುದಿಲ್ಲ. ಔಟ್‌ಸ್ಟ್ಯಾಂಡಿಂಗ್ ಇಲ್ಲಿ ‘ಬಾಕಿ’. ‘ಪೇಮೆಂಟ್ ಅಡ್ವೈಸ್’ ಸಲಹೆಯಲ್ಲ, ಇಂಥ ಬಿಲ್ಲಿಗೆ ಇಷ್ಟು ಹಣ ಕಳಿಸಿದ್ದೇವೆಂಬ ವಿವರದ ಚೀಟಿ. ಚೆಕ್ ‘ಆನರ್’ ಆಯಿತು ಅಂದರೆ ಪಾಸಾಯಿತು, ‘ಡಿಸ್ಆನರ್’ ಅಂದರೆ ಬೌನ್ಸ್. ಬ್ಯಾಂಕಿನ ಪತ್ರದಲ್ಲಿ ‘ಇನ್‌ಸ್ಟ್ರುಮೆಂಟ್’ ಎಂದರೆ ಚೆಕ್ ಅಥವಾ ಡಿಡಿ. ಆರ್ಡರ್ ‘ಎಕ್ಸಿಕ್ಯೂಟ್’ ಮಾಡುವುದೆಂದರೆ ಪೂರೈಸುವುದು. ಸಾಲ ‘ಸ್ಯಾಂಕ್ಷನ್’ ಆದರೆ ಮಂಜೂರು, ಒಂದು ದೇಶದ ಮೇಲೆ ‘ಸ್ಯಾಂಕ್ಷನ್ಸ್’ ಹೇರಿದರೆ ನಿರ್ಬಂಧ. ‘ಡ್ಯೂ ಟು ಆ್ಯನ್ ಓವರ್‌ಸೈಟ್’ ಅಂದರೆ ಕಣ್ತಪ್ಪಿನಿಂದ.

‘ಡ್ಯೂ’ ಪದಕ್ಕೇ ಒಂದು ಪುಟ ಮೀಸಲಿಡಿ. ‘ಡ್ಯೂ ಆನ್’ ಕಟ್ಟಬೇಕಾದ ದಿನ, ‘ಓವರ್‌ಡ್ಯೂ’ ಆ ದಿನ ದಾಟಿದ್ದು, ‘ಡ್ಯೂ ಟು’ ಕಾರಣ, ‘ಡ್ಯೂಲಿ ಸೈನ್ಡ್’ ಕ್ರಮಬದ್ಧವಾಗಿ ಸಹಿ ಮಾಡಿದ್ದು. ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಅಕ್ಕಪಕ್ಕದ ಪದ ಸೇರಿಸಿ ಬರೆಯಿರಿ. ಇನ್ನೊಂದು: ‘ಪ್ಲೀಸ್ ರಿವರ್ಟ್’ ಅಂದರೆ ನಮ್ಮ ದೇಶದ ಆಫೀಸುಗಳಲ್ಲಿ ‘ಉತ್ತರಿಸಿ’. ಹೊರದೇಶದವರಿಗೆ ಅದು ಸಾಮಾನ್ಯವಾಗಿ ‘ಮೊದಲಿದ್ದ ಸ್ಥಿತಿಗೆ ಮರಳಿ’. ಓದುವಾಗ ಅರ್ಥಮಾಡಿಕೊಳ್ಳಿ, ಅಲ್ಲಿಗೆ ಬರೆಯುವಾಗ ‘ರಿಪ್ಲೈ’ ಎಂದೇ ಬರೆಯಿರಿ.

ಪ್ರಶ್ನೆ (ಮದ್ದೂರು):
ತಾರೀಖು, ಮೊತ್ತದಲ್ಲಿ ಎಡವಟ್ಟಾಗದ ಹಾಗೆ ಓದೋದು ಹೇಗೆ ಸರ್?

ಉತ್ತರ (ಲೆಕ್ಕಪತ್ರ ಸಲಹೆಗಾರರು):
‘ಬೈ ಫ್ರೈಡೇ’ ಎಂದರೆ ಶುಕ್ರವಾರವೂ ಸೇರಿತು. ‘ಬಿಫೋರ್ ಫ್ರೈಡೇ’ ಎಂದರೆ ಗುರುವಾರವೇ ಕೊನೆ. ‘ಅಂಟಿಲ್’ ಬಂದರೆ ಅಲ್ಲಿಯವರೆಗೆ ಮುಂದುವರಿಯುವ ಸ್ಥಿತಿ. ದರ ‘ವ್ಯಾಲಿಡ್ ಅಂಟಿಲ್’, ದಾಖಲೆ ‘ಸಬ್ಮಿಟ್ ಬೈ’. ‘ವಿದಿನ್ 7 ಡೇಸ್’ ಕಂಡರೆ ಅಲ್ಲೇ ನಿಲ್ಲಿ. ‘ಆಫ್ ರಿಸೀಟ್’ ಆದರೆ ಕೈಗೆ ಬಂದ ದಿನದಿಂದ ಎಣಿಕೆ, ‘ಆಫ್ ದಿ ಡೇಟ್ ಆಫ್ ದಿಸ್ ಲೆಟರ್’ ಆದರೆ ಪತ್ರದ ಮೇಲಿರುವ ತಾರೀಖಿನಿಂದ. ಅಂಚೆಯಲ್ಲಿ ನಾಲ್ಕು ದಿನ ಕಳೆದಿದ್ದರೆ ನಿಮಗೆ ಉಳಿದಿರುವುದು ಮೂರೇ. 05/06 ಎಂದಿದ್ದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ಚೀಟಿಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. 1.25 ಮಿಲಿಯನ್ ಅಂದರೆ 12.5 ಲಕ್ಷ. 1.25 ಲಕ್ಷ ಎಂದು ಓದಿದರೆ ಹತ್ತು ಪಟ್ಟು ಕಡಿಮೆ ಓದಿದಂತೆ.

‘ನೆಟ್ 60’ ಎಂದರೆ ಸಾಮಾನ್ಯವಾಗಿ ಬಿಲ್ಲಿನ ತಾರೀಖಿನಿಂದ 60 ದಿನದೊಳಗೆ ಪೂರ್ತಿ ಹಣ. ಆದರೆ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರು ನೀವಾದರೆ ಇದನ್ನು ಹಾಗೇ ಒಪ್ಪಬೇಡಿ. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ 2006ರ ಕಾಯ್ದೆಯ (ಎಂಎಸ್‌ಎಂಇ ಕಾಯ್ದೆ) 15ನೇ ಸೆಕ್ಷನ್ ಪ್ರಕಾರ, ಬರಹದಲ್ಲಿ ಒಪ್ಪಂದವಿದ್ದರೂ ಅವಧಿ 45 ದಿನ ಮೀರುವಂತಿಲ್ಲ.

ಪ್ರಶ್ನೆ (ಮೈಸೂರು, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು):
ಇದೆಲ್ಲ ಪರೀಕ್ಷೆಗೆ ಉಪಯೋಗಕ್ಕೆ ಬರುತ್ತಾ?

ಉತ್ತರ (ಬೋಧಕಿ):
ಬರುತ್ತದೆ, ಆದರೆ ಇದಷ್ಟೇ ಸಾಲದು. ಐಬಿಪಿಎಸ್ ಕ್ಲರ್ಕ್, ಪಿಒ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಅಲ್ಲಿನ ಪ್ಯಾಸೇಜುಗಳು ಪತ್ರಗಳಿಗಿಂತ ಉದ್ದ, ಹಾಗಾಗಿ ಸಂಪಾದಕೀಯಗಳನ್ನೂ ಓದಲೇಬೇಕು. ಪತ್ರದ ಓದಿಗೆ ನೇರವಾಗಿ ಹೊಂದುವುದು ಟೊಯಿಕ್, ಅಂದರೆ ಕೆಲಸದ ಜಾಗದ ಇಂಗ್ಲಿಷನ್ನು ಅಳೆಯುವ ಅಂತಾರಾಷ್ಟ್ರೀಯ ಪರೀಕ್ಷೆ. ಅದರ ರೀಡಿಂಗ್ ವಿಭಾಗದಲ್ಲಿ 75 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ ‘ಪಾರ್ಟ್ 7’ ಒಂದರಲ್ಲೇ 54. ಎರಡು ಮೂರು ಪತ್ರಗಳನ್ನು ಒಟ್ಟಿಗೆ ಕೊಟ್ಟು, ಒಂದರಲ್ಲಿರುವ ತಾರೀಖನ್ನು ಇನ್ನೊಂದರಲ್ಲಿರುವ ಷರತ್ತಿಗೆ ಜೋಡಿಸಿದರೆ ಮಾತ್ರ ಉತ್ತರ ಸಿಗುವಂಥ ಪ್ರಶ್ನೆಗಳು ಅಲ್ಲಿರುತ್ತವೆ.

ಪ್ರಶ್ನೆ (ಹೆಬ್ಬಾಳ ಸ್ಟೋರ್ಸ್ ವಿಭಾಗದವರೇ):
ಅಭ್ಯಾಸಕ್ಕೆ ಪತ್ರ ಎಲ್ಲಿಂದ ತರೋದು? ಹಳೇ ಪುಸ್ತಕದ ಮಾದರಿ ಪತ್ರ ಸಾಕಾ?

ಉತ್ತರ (ಬೋಧಕಿ):
ಹಳೆಯ ಪುಸ್ತಕದಲ್ಲಿ ‘ಯುವರ್ ಲೆಟರ್ ಆಫ್ ದಿ 10ತ್ ಇನ್‌ಸ್ಟಂಟ್’ ಎಂದಿರುತ್ತದೆ. ಅಂದರೆ ಈ ತಿಂಗಳ 10. ಈಗ ಹಾಗೆ ಯಾರೂ ಬರೆಯುವುದಿಲ್ಲ. ನಿಮ್ಮ ಫೈಲಿನಷ್ಟು ಒಳ್ಳೆಯ ಪಾಠಪುಸ್ತಕ ಬೇರೆ ಇಲ್ಲ. ಯಜಮಾನರ ಅನುಮತಿ ಪಡೆದು, ಮುಗಿದುಹೋದ ಒಂದು ವ್ಯವಹಾರದ ಇಡೀ ಸರಪಳಿಯನ್ನು ತೆಗೆಯಿರಿ: ವಿಚಾರಣೆ, ಕೊಟೇಶನ್, ಪರ್ಚೇಸ್ ಆರ್ಡರ್, ಡೆಲಿವರಿ ಚಲನ್, ದೂರು, ಕ್ರೆಡಿಟ್ ನೋಟ್, ಪೇಮೆಂಟ್ ಅಡ್ವೈಸ್. ಕೊಟೇಶನ್ನಿಗೂ ಆರ್ಡರಿಗೂ ಏನು ವ್ಯತ್ಯಾಸವಾಯಿತು ಎಂದು ಹುಡುಕಿ: ದರವೇ, ಪ್ರಮಾಣವೇ, ಲಾರಿ ಬಾಡಿಗೆ ಯಾರದು ಎಂಬುದೇ? ‘ಎಕ್ಸ್ ವರ್ಕ್ಸ್’ ಆದರೆ ಬಾಡಿಗೆ ಕೊಂಡವರದು, ‘ಎಫ್‌ಒಆರ್ ಡೆಸ್ಟಿನೇಶನ್’ ಆದರೆ ಮಾರಿದವರದು. ವ್ಯವಹಾರ ಹೇಗೆ ಮುಗಿಯಿತೆಂಬುದು ಫೈಲಿನಲ್ಲೇ ಇರುವುದರಿಂದ ನಿಮ್ಮ ಚೀಟಿ ಸರಿಯೋ ತಪ್ಪೋ ಮುಂದಿನ ಪತ್ರವೇ ಹೇಳಿಬಿಡುತ್ತದೆ. ಕಥೆ ಪುಸ್ತಕದಲ್ಲಿ ಈ ಅನುಕೂಲ ಇಲ್ಲ.

ದಿನಕ್ಕೆ 15 ನಿಮಿಷ, ಒಂದೇ ಪತ್ರ. ಮೊದಲ ಎರಡು ವಾರ ಗಡಿಯಾರ ನೋಡಬೇಡಿ. ಆಮೇಲೆ 120ರಿಂದ 150 ಪದಗಳ ಪತ್ರವನ್ನು ಮೂರು ನಿಮಿಷದಲ್ಲಿ ಓದಿ ಚೀಟಿ ಬರೆಯುವ ಗುರಿ ಇಟ್ಟುಕೊಳ್ಳಿ. ಮೊಬೈಲಿನ ಅನುವಾದವನ್ನು ಚೀಟಿ ಬರೆದ ನಂತರ ಹೋಲಿಕೆಗೆ ಮಾತ್ರ ನೋಡಿ. ಬಳಗಕ್ಕೆ ಹಾಕುವಾಗ ಹೆಸರು, ಫೋನ್, ಖಾತೆ ಸಂಖ್ಯೆ, 15 ಅಕ್ಷರದ ಜಿಎಸ್‌ಟಿ ಸಂಖ್ಯೆ ಎಲ್ಲವನ್ನೂ ಅಳಿಸಿ.

ಸೇರಿಸಿದ್ದು (ಲೆಕ್ಕಪತ್ರ ಸಲಹೆಗಾರರು):
‘ಅವರ್ ಬ್ಯಾಂಕ್ ಡೀಟೇಲ್ಸ್ ಹ್ಯಾವ್ ಚೇಂಜ್ಡ್’ ಎಂಬ ಮೇಲ್ ಬಂದರೆ ಕಳಿಸಿದವರ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಓದಿ. ಆ ಮೇಲ್‌ನಲ್ಲಿ ಕೊಟ್ಟಿರುವ ನಂಬರಿಗಲ್ಲ, ನಿಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವ ತನಕ ಹಣ ಹಾಕಬೇಡಿ. ಮೋಸವಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಭ್ಯಾಸಕ್ಕೆ (ಬೋಧಕಿ):
ಖರೀದಿದಾರರೊಬ್ಬರು ಬರೆದಂತೆ ಇದನ್ನು ಓದಿ ಚೀಟಿ ಕಳಿಸಿ: ‘ದಿ ಬ್ಯಾಲೆನ್ಸ್ 80 ಬಾಕ್ಸಸ್ ವಿಲ್ ನಾಟ್ ಬಿ ಅಕ್ಸೆಪ್ಟೆಡ್ ಅಟ್ ಅವರ್ ಗೋಡೌನ್ ಆಫ್ಟರ್ 20 ಜೂನ್ ಅನ್‌ಲೆಸ್ ಅಗ್ರೀಡ್ ಇನ್ ರೈಟಿಂಗ್. ಪ್ಲೀಸ್ ಕನ್ಫರ್ಮ್ ಯುವರ್ ಡಿಸ್ಪ್ಯಾಚ್ ಡೇಟ್ ಬೈ 12 ಜೂನ್, ಫೇಲಿಂಗ್ ವಿಚ್ ದಿ ಆರ್ಡರ್ ವಿಲ್ ಸ್ಟ್ಯಾಂಡ್ ಕ್ಯಾನ್ಸಲ್ಡ್ ಟು ದಟ್ ಎಕ್ಸ್‌ಟೆಂಟ್.’

ಮಂಡ್ಯ ಮಂಡಿಯವರು:
‘ಜೂನ್ 20ರೊಳಗೆ 80 ಬಾಕ್ಸ್ ಲೋಡ್ ಮಾಡಿ ಕಳಿಸದಿದ್ದರೆ ಆರ್ಡರ್ ಪೂರ್ತಿ ರದ್ದು.’ ಸರೀನಾ ಮೇಡಂ?

ಉತ್ತರ (ಬೋಧಕಿ):
ಮೂರು ಕಡೆ ಜಾರಿದ್ದೀರಿ. 20ನೇ ತಾರೀಖು ನೀವು ಕಳಿಸುವ ದಿನವಲ್ಲ, ಅವರ ಗೋಡೌನಿಗೆ ಸರಕು ಮುಟ್ಟಬೇಕಾದ ದಿನ. ಲಾರಿಗೆ ಮೂರು ದಿನ ಬೇಕಿದ್ದರೆ 17ಕ್ಕೇ ಹೊರಡಬೇಕು. ಎರಡನೆಯದು, ‘ಫೇಲಿಂಗ್ ವಿಚ್’ ಅಂಟಿಕೊಂಡಿರುವುದು 20ಕ್ಕಲ್ಲ, ಅದರ ಹಿಂದೆಯೇ ಇರುವ 12ಕ್ಕೆ. 12ರೊಳಗೆ ತಾರೀಖು ತಿಳಿಸದಿದ್ದರೆ ರದ್ದು. ಮೂರನೆಯದು, ‘ಟು ದಟ್ ಎಕ್ಸ್‌ಟೆಂಟ್’ ಅಂದರೆ ಅಷ್ಟರ ಮಟ್ಟಿಗೆ: ರದ್ದಾಗುವುದು ಆ 80 ಬಾಕ್ಸ್ ಮಾತ್ರ. ‘ಅನ್‌ಲೆಸ್ ಅಗ್ರೀಡ್ ಇನ್ ರೈಟಿಂಗ್’ ಅನ್ನು ನೀವು ಬಿಟ್ಟೇಬಿಟ್ಟಿರಿ. ನಿಮಗೆ ತೆರೆದಿರುವ ಬಾಗಿಲೇ ಅದು. ಇನ್ನೊಮ್ಮೆ ಬರೆಯಿರಿ.

ಮಂಡ್ಯ ಮಂಡಿಯವರು:
‘80 ಬಾಕ್ಸ್ ಯಾವತ್ತು ಹೊರಡುತ್ತೆ ಅಂತ ನಾವು 12 ಜೂನ್ ಒಳಗೆ ತಿಳಿಸಬೇಕು, ಇಲ್ಲದಿದ್ದರೆ ಆ 80 ಮಾತ್ರ ರದ್ದು. ಸರಕು 20 ಜೂನ್ ಒಳಗೆ ಅವರ ಗೋಡೌನ್ ಸೇರಬೇಕು. ತಡವಾಗೋ ಹಾಗಿದ್ದರೆ ಮೊದಲೇ ಅವರಿಂದ ಬರಹದಲ್ಲಿ ಒಪ್ಪಿಗೆ ತಗೋಬೇಕು, ಫೋನಲ್ಲಿ ಹೇಳಿದರೆ ಸಾಲದು.’

ಉತ್ತರ (ಬೋಧಕಿ):
ಪೂರ್ತಿ ಸರಿ. ಈ ಚೀಟಿಯನ್ನು ಆರ್ಡರ್ ಕಾಪಿಗೆ ಪಿನ್ ಮಾಡಿಡುವ ಹಾಗಿದೆ. ನಾಳೆ ಇದಕ್ಕೆ ಮೂರು ಸಾಲಿನ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಹಾಕಿ.