ಗಂಡ ಟೆಕ್ಸಾಸ್‌ನಲ್ಲಿ, ನಾನು ಹಾಸನದಲ್ಲಿ: ಡೈವೋರ್ಸ್‌ಗೆ ಎಲ್ಲಿಂದ ಶುರು ಮಾಡಲಿ?

ಕೇಳಿದವರು, ಹಾಸನದಿಂದ:
ನಮ್ಮ ಮದುವೆ ಆಗಿದ್ದು 2018ರಲ್ಲಿ, ಇಲ್ಲೇ ಹಾಸನದ ಛತ್ರದಲ್ಲಿ. ಎರಡು ವರ್ಷ ಡಲ್ಲಾಸ್ ಹತ್ತಿರ ಇದ್ದೆವು. ಬಾಣಂತನಕ್ಕೆ ತವರಿಗೆ ಬಂದವಳನ್ನು ಅವರು ವಾಪಸ್ ಕರೆಸಿಕೊಳ್ಳಲೇ ಇಲ್ಲ. ಮಗ ಹುಟ್ಟಿದ್ದು, ಬೆಳೀತಿರೋದು ಇಲ್ಲೇ. ಹೋದ ವಾರ ಅಲ್ಲಿನ ಕೋರ್ಟಿನ ಡೈವೋರ್ಸ್ ಅರ್ಜಿ ಇಮೇಲ್‌ನಲ್ಲಿ ಬಂತು. ನನ್ನ ವೀಸಾ ಮುಗಿದಿದೆ. ಸುಮ್ಮನಿದ್ದರೆ ಏನಾಗುತ್ತೆ? ಇಲ್ಲೇ ಕೇಸು ಹಾಕಬಹುದಾ? ಈ ದಾರಿ ನಡೆದವರು ದಯವಿಟ್ಟು ಹೇಳಿ.

ಮೈಸೂರಿನಿಂದ:
ತಂಗಿ, ಮೊದಲು ಒಂದು ಮಾತು. ಆ ಇಮೇಲ್ ಅಳಿಸಬೇಡ, ಸುಮ್ಮನೂ ಕೂರಬೇಡ. ನಾನು ಎಂಟು ತಿಂಗಳು ಸುಮ್ಮನಿದ್ದೆ, ಅದರ ಬೆಲೆ ತೆತ್ತಿದ್ದೇನೆ.

ಅಲ್ಲಿ ಸಿಗುವ ಡೈವೋರ್ಸ್ ಇಲ್ಲಿ ತಾನಾಗಿ ಚಲಾವಣೆ ಆಗೋದಿಲ್ಲ. 1991ರಲ್ಲಿ ನರಸಿಂಹ ರಾವ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆ ಕೇಸಿನ ಗಂಡ ಅಮೆರಿಕದ ಮಿಸೌರಿಯಲ್ಲಿ ಡಿಕ್ರಿ, ಅಂದರೆ ಡೈವೋರ್ಸ್ ಕೊಟ್ಟ ಕೋರ್ಟಿನ ಆದೇಶ, ತಂದಿದ್ದ, ಮದುವೆ ಆಗಿದ್ದು ತಿರುಪತಿಯಲ್ಲಿ. ಮದುವೆ ಯಾವ ಕಾನೂನಿನಡಿ ಆಯಿತೋ ಅದೇ ಕಾನೂನು ಒಪ್ಪುವ ಕಾರಣಕ್ಕೆ ಡೈವೋರ್ಸ್ ಆಗಿರಬೇಕು, ಇಲ್ಲವೇ ಹೆಂಡತಿ ತಾನಾಗಿ ಆ ಕೋರ್ಟನ್ನು ಒಪ್ಪಿಕೊಂಡಿರಬೇಕು ಅಂತ ಕೋರ್ಟ್ ಹೇಳಿತು. ಟೆಕ್ಸಾಸ್‌ನಲ್ಲಿ ಹೊಂದಾಣಿಕೆ ಆಗುತ್ತಿಲ್ಲ ಅಂದರೆ ಸಾಕು. ಹಿಂದೂ ವಿವಾಹ ಕಾಯ್ದೆಯಲ್ಲಿ ಅದೊಂದೇ ಕಾರಣ ನಡೆಯೋದಿಲ್ಲ.

ಆದರೆ ಆ ಡಿಕ್ರಿ ಅಲ್ಲಿ ನಡೆದೇ ನಡೆಯುತ್ತೆ. ಅಲ್ಲಿರುವ ದುಡ್ಡು, ಕಾರು ಎಲ್ಲ ಆ ಆದೇಶದಲ್ಲೇ ಹಂಚಿಕೆ ಆಗಿಬಿಡುತ್ತೆ. ನೋಟಿಸ್ ಸರಿಯಾಗಿ ಜಾರಿಯಾದರೆ ಟೆಕ್ಸಾಸ್‌ನಲ್ಲಿ ಉತ್ತರ ಕೊಡಲು 20 ದಿನ ದಾಟಿದ ಮೇಲಿನ ಸೋಮವಾರ ಬೆಳಿಗ್ಗೆ 10ರವರೆಗೆ ಮಾತ್ರ ಸಮಯ. ಹಾಗಂತ ನೀನೇ ಉತ್ತರ ಬರೆದು ಕಳಿಸಬೇಡ, ಅದು ಆ ಕೋರ್ಟನ್ನು ಒಪ್ಪಿದ ಹಾಗೆ ಆಗಬಹುದು. ‘ಈ ಕೋರ್ಟಿಗೆ ಅಧಿಕಾರವಿಲ್ಲ’ ಅನ್ನುವ ಆಕ್ಷೇಪಣೆಯನ್ನಷ್ಟೇ ಅಲ್ಲಿನ ವಕೀಲರಿಂದ ಹಾಕಿಸು. ಇಮೇಲ್‌ನಲ್ಲಿ ಕಳಿಸಿದ್ದು ಜಾರಿಯಾಗಿದೆಯೋ ಇಲ್ಲವೋ ಅನ್ನೋದನ್ನೂ ಅವರೇ ನೋಡಲಿ.

ಇಲ್ಲಿ ಧಾರಾಳವಾಗಿ ಕೇಸು ಹಾಕಬಹುದು. ಹಿಂದೂ ವಿವಾಹ ಕಾಯ್ದೆಯ 19ನೇ ಕಲಂ ಪ್ರಕಾರ ಮದುವೆ ಆದ ಊರಲ್ಲೂ ಹಾಕಬಹುದು, ಹೆಂಡತಿ ಈಗ ಇರುವ ಊರಲ್ಲೂ ಹಾಕಬಹುದು. ನಿನಗೆ ಎರಡೂ ಹಾಸನವೇ. ಎರಡು ವರ್ಷಕ್ಕೂ ಮೇಲೆ ಬಿಟ್ಟಿದ್ದಾರೆ ಅನ್ನೋದು ಇಲ್ಲಿ ಗಟ್ಟಿ ಕಾರಣ.

ನನ್ನನ್ನು ನಿಜವಾಗಿ ಸತಾಯಿಸಿದ್ದು ಸಮನ್ಸ್. ಹೊರದೇಶಕ್ಕೆ ಅದು ಹೇಗ್ ಒಪ್ಪಂದದ (ಕೋರ್ಟಿನ ಕಾಗದವನ್ನು ದೇಶದಿಂದ ದೇಶಕ್ಕೆ ತಲುಪಿಸುವ ಒಪ್ಪಂದ) ದಾರಿಯಲ್ಲಿ ಹೋಗಬೇಕು, ಕನ್ನಡದ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ನನ್ನ ಗಂಡ ಮನೆ ಬದಲಿಸಿದ್ದರಿಂದ ಎರಡು ಸಲ ವಾಪಸ್ ಬಂತು. ವಾಯಿದೆ ಮೇಲೆ ವಾಯಿದೆ, ಒಂದು ವರ್ಷ ಅದರಲ್ಲೇ ಹೋಯಿತು. ನಿನ್ನ ಗಂಡನ ಈಗಿನ ವಿಳಾಸ ಹೇಗಾದರೂ ಹುಡುಕು. ಟೆಕ್ಸಾಸ್ ಅರ್ಜಿಯಲ್ಲೇ ಅವರು ಬರೆದಿದ್ದರೆ ಅದೇ ನಿನಗೆ ಬಲ.

ಮೆಲ್ಬರ್ನ್‌ನಿಂದ:
ಮೇಡಂ, ನಾನು ಹೊರದೇಶದಲ್ಲಿರುವ ಗಂಡನ ಕಡೆಯವನು. ನಮ್ಮದು ಪರಸ್ಪರ ಒಪ್ಪಿಗೆಯ ಡೈವೋರ್ಸ್. ಅಪ್ಪನ ಹೆಸರಿಗೆ ಜಿಪಿಎ (ನನ್ನ ಪರವಾಗಿ ನಡೆದುಕೊಳ್ಳುವ ಅಧಿಕಾರಪತ್ರ) ಬರೆದು ಕಾನ್ಸುಲೇಟ್‌ನಲ್ಲಿ ಸಹಿ ದೃಢೀಕರಿಸಿದೆ. ಊರಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಮೊದಲ ಸಲ ನಾನೇ ಬಂದೆ, ಎರಡನೇ ಸಲ ಜಡ್ಜ್ ವಿಡಿಯೋದಲ್ಲೇ ಕೇಳಿದರು. ಆ ಎರಡರ ನಡುವಿನ ಆರು ತಿಂಗಳ ಕಾಯುವಿಕೆಯನ್ನು ಕೋರ್ಟ್ ಮನ್ನಾ ಮಾಡಬಹುದು, 2017ರಲ್ಲಿ ಸುಪ್ರೀಂ ಕೋರ್ಟ್ ಆ ದಾರಿ ತೆರೆದಿದೆ. ನಿಮ್ಮವರು ಮಾತಿಗೆ ಬಂದರೆ ಇದನ್ನು ಬಿಡಬೇಡಿ. ನನ್ನ ಹೆಂಡತಿಯಾಗಿದ್ದವರನ್ನು ಕೋರ್ಟಿಗೆ ಅಲೆಸಲಿಲ್ಲ ಅನ್ನೋ ಸಮಾಧಾನ ಇವತ್ತಿಗೂ ಇದೆ.

ಬೆಂಗಳೂರಿನಿಂದ, ಮಗಳ ಕೇಸಿಗೆ ಓಡಾಡಿದ ತಾಯಿ:
ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಮೆಟ್ಟಿಲನ್ನು ಮೂರು ವರ್ಷ ಹತ್ತಿ ಇಳಿದಿದ್ದೀನಮ್ಮ. ಜೀವನಾಂಶದ ಬಗ್ಗೆ ಹೇಳ್ತೀನಿ. ಅಮೆರಿಕದಲ್ಲಿ ದುಡಿಯೋರಿಂದ ಇಲ್ಲಿನ ಆದೇಶ ತೋರಿಸಿ ಹಣ ವಸೂಲಿ ಮಾಡೋದು ಬಲು ಕಷ್ಟ. ಬ್ರಿಟನ್, ಸಿಂಗಪುರದ ಡಿಕ್ರಿ ಇಲ್ಲಿ ನೇರವಾಗಿ ಜಾರಿಯಾಗುವ ಏರ್ಪಾಡಿದೆ, ಅಮೆರಿಕದ ಜೊತೆ ಅದಿಲ್ಲ. ಹಾಗಾಗಿ ಅವರ ಹೆಸರಲ್ಲಿ ಊರಲ್ಲಿ ಸೈಟು, ಫ್ಲ್ಯಾಟು ಇದ್ದರೆ ಈಗಲೇ ದಾಖಲೆ ತೆಗೆಸು, ಮಾರದ ಹಾಗೆ ತಡೆಯಾಜ್ಞೆ ಕೇಳು. ನಮ್ಮ ಅಳಿಯ ಸೈಟು ಮಾರಿದ ಮೇಲೆ ನಮಗೆ ಗೊತ್ತಾಯಿತು.

2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ರಜನೀಶ್ ಕೇಸಿನ ನಂತರ ಇಬ್ಬರೂ ಆಸ್ತಿ, ಆದಾಯದ ಅಫಿಡವಿಟ್ ಹಾಕಲೇಬೇಕು. ಗಂಡ ಸಂಬಳ ಮುಚ್ಚಿಟ್ಟರೆ, ಅಮೆರಿಕದ ಹೆಚ್1ಬಿ ಕೆಲಸದ ವೀಸಾಕ್ಕೆ ಕಂಪನಿಗಳು ಸಲ್ಲಿಸುವ ಸಂಬಳದ ವಿವರವನ್ನು ಅಲ್ಲಿನ ಕಾರ್ಮಿಕ ಇಲಾಖೆ ಪ್ರಕಟಿಸುತ್ತೆ, ಹುಡುಕಿಸು. ವಕೀಲರ ಫೀಸಿಗೆ ಅಂಜಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತೆ.

ಕೇಳಿದವರು:
ಓದುತ್ತಾ ಅತ್ತುಬಿಟ್ಟೆ. ಎಷ್ಟೋ ದಿನದಿಂದ ಒಬ್ಬಳೇ ಅಂದುಕೊಂಡಿದ್ದೆ. ಒಂದೇ ಹೆದರಿಕೆ: ಆ ಕೋರ್ಟ್ ಮಗನನ್ನು ಅವರಿಗೆ ಕೊಟ್ಟುಬಿಟ್ಟರೆ?

ಮೈಸೂರಿನಿಂದ:
ಮಗು ಅಲ್ಲಿ ಒಂದು ದಿನವೂ ಇದ್ದಿಲ್ಲವಲ್ಲ. ಹಿಂದಿನ ಆರು ತಿಂಗಳು ಮಗು ಎಲ್ಲಿತ್ತೋ ಅಲ್ಲಿನ ಕೋರ್ಟೇ ಕಸ್ಟಡಿ ತೀರ್ಮಾನಿಸಬೇಕು ಅನ್ನೋದು ಟೆಕ್ಸಾಸ್‌ನ ಕಾನೂನೇ. ಅದನ್ನೂ ಆಕ್ಷೇಪಣೆಯಲ್ಲಿ ಬರೆಸು. ಇಲ್ಲಿಯೂ ಮಗು ವಾಸವಿರುವ ಊರಿನ ಕೋರ್ಟಿಗೇ ಅಧಿಕಾರ. ಹಾಸನದಲ್ಲಿ ಕಸ್ಟಡಿ ಅರ್ಜಿ ಬೇಗ ಹಾಕು. ಮಗನ ಜನನ ಪ್ರಮಾಣಪತ್ರ, ಚುಚ್ಚುಮದ್ದಿನ ಕಾರ್ಡು, ಅಂಗನವಾಡಿಯೋ ಶಾಲೆಯೋ ಅದರ ದಾಖಲಾತಿ, ಮದುವೆ ಲಗ್ನಪತ್ರಿಕೆ, ನೀನು ಭಾರತಕ್ಕೆ ಬಂದಿಳಿದ ದಿನದ ಸೀಲಿರುವ ಪಾಸ್‌ಪೋರ್ಟ್ ಪುಟ, ಇಷ್ಟನ್ನೂ ಒಂದು ಫೈಲಿಗೆ ಹಾಕಿಕೊಂಡು ವಕೀಲರ ಹತ್ತಿರ ಹೋಗು. ಮಗನನ್ನು ಅಮ್ಮನ ಹತ್ತಿರ ಬಿಟ್ಟು ಹೋಗಮ್ಮ, ಅಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತೆ.